ಹಿಟಾಚಿ ಓಡಿದಾಗ ನೆಲ ಎಷ್ಟು ಅದುರುತ್ತದೆ? ನಾನು ಲೆಕ್ಕ ಹಾಕುವ ಬಗೆ

ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿಗೆ ಪಾಯ ತೋಡಲು ಚೈನ್ ಹಿಟಾಚಿ ಬಂತೆಂದರೆ ಪಕ್ಕದ ಮನೆಯವರಿಗೆ ದಿಗಿಲು. ಗೋಡೆಗೆ ಗೋಡೆ ತಾಗುವ ಬೀದಿಗಳು, ಅಲ್ವಾ? "ಗಾಡಿ ಎಷ್ಟು ಟನ್ ಸಾರ್?" ಅಂತ ಮೊದಲು ಕೇಳುತ್ತಾರೆ. ಈ ಅದುರನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನಾನು ಮೊದಲು ಕೇಳುವುದು ಚೈನಿನ ಕೊಂಡಿಯ ಉದ್ದ, ಆಮೇಲೆ ಗಾಡಿಯ ವೇಗ.

ಚೈನ್ ಗಾಡಿ ತನ್ನ ಹಳಿಯನ್ನು ತಾನೇ ಹಾಸಿಕೊಂಡು ಸಾಗುತ್ತದೆ. ಕೆಳಗಿನ ರೋಲರ್ ಪ್ರತಿ ಕೊಂಡಿ ದಾಟುವಾಗ ನೆಲಕ್ಕೊಂದು ಸಣ್ಣ ಗುದ್ದು. 20 ಟನ್ ಹಿಟಾಚಿಯ ಕೊಂಡಿ ಸುಮಾರು 19 ಸೆಂಟಿಮೀಟರ್. ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದರೆ ಸುಮಾರು 8 ಗುದ್ದು, ಅಂದರೆ 8 ಹರ್ಟ್ಜ್. ಸುಮ್ನೆ ನಿಂತ ಭಾರ ಕೆಳಗಿನ ಮಣ್ಣನ್ನು ಒತ್ತುತ್ತದೆ ಅಷ್ಟೆ. ದೂರ ಹೋಗುವ ಅಲೆ ಹುಟ್ಟುವುದು ಈ ಗುದ್ದಿನಿಂದ.

ಹಾಗಾಗಿ ಕಂಪ್ಯೂಟರಿನ ಮಾಡೆಲ್ಲಿನಲ್ಲಿ ಇಡೀ ಗಾಡಿಯ ಚಿತ್ರ ಬಿಡಿಸಲು ಹೋಗುವುದಿಲ್ಲ. ಸಾಲು ರೋಲರುಗಳು, ಅವುಗಳ ಕೆಳಗೆ ಏರಿಳಿಯುವ ಬಲ, ಸಾಕು. ಸಮಯ ಹಿಡಿಯುವುದು ನೆಲ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಆಮೇಲೆ ಶಿಥಿಲವಾದ ಕಲ್ಲು, ಅದರಡಿ ಲಾಲ್‌ಬಾಗಿನಲ್ಲಿ ತಲೆ ಎತ್ತಿರುವಂಥ ಗಟ್ಟಿ ಬಂಡೆ. ಸುತ್ತಿಗೆಯಿಂದ ನೆಲಕ್ಕೆ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನುಗಳಿಂದ (ನೆಲದ ಅದುರನ್ನು ಅಳೆಯುವ ಸಣ್ಣ ಸಾಧನ) ಪದರಗಳನ್ನು ತಿಳಿದುಕೊಳ್ಳುತ್ತೇನೆ. ಮಣ್ಣಿನಲ್ಲಿ ಶಿಯರ್ ಅಲೆಯ, ಅಂದರೆ ಮಣ್ಣನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುವ ಅಲೆಯ, ವೇಗ ಸೆಕೆಂಡಿಗೆ 200 ಮೀಟರ್ ಅಂದುಕೊಳ್ಳಿ. 50 ಹರ್ಟ್ಜ್‌ವರೆಗೆ ನೋಡಬೇಕೆಂದರೆ ಅತಿ ಸಣ್ಣ ಅಲೆ 4 ಮೀಟರ್ ಉದ್ದ. ಲೆಕ್ಕಕ್ಕಾಗಿ ನೆಲವನ್ನು ಸಣ್ಣ ತುಂಡುಗಳ ಬಲೆಯಾಗಿ ಕತ್ತರಿಸುತ್ತೇವೆ, ಅದೇ ಮೆಶ್. ಒಂದು ಅಲೆಗೆ ಹತ್ತು ತುಂಡು ಮಾಡಿದರೆ ಮೆಶ್ 40 ಸೆಂಟಿಮೀಟರ್. ಮೆಜೆಸ್ಟಿಕ್ಕಿನ ಹಾಗೆ ಹಿಂದೆ ಕೆರೆ ಇದ್ದ ಕಡೆ ಮಣ್ಣು ಮೆತ್ತಗಿದ್ದರೆ ಮೆಶ್ ಇನ್ನೂ ಸಣ್ಣದಾಗಬೇಕು. ಮಾಡೆಲ್ಲಿನ ಅಂಚಿಗೆ ಬಡಿದ ಅಲೆ ವಾಪಸ್ ಬರಬಾರದು. ಅದಕ್ಕೆ ಲಿಸ್ಮರ್ ಮತ್ತು ಕುಲ್‌ಮೇಯರ್ ಎಂಬ ಸಂಶೋಧಕರು 1969ರಲ್ಲಿ ತೋರಿಸಿದ ಡ್ಯಾಂಪರ್‌ಗಳು, ಅಂದರೆ ಅಲೆಯನ್ನು ಹೀರಿಕೊಳ್ಳುವ ಅಂಚು. ಎರಡು ಆಯಾಮದ ಮಾಡೆಲ್ ಬೇಗ ಮುಗಿಯುತ್ತದೆ, ಆದರೆ ಅದರಲ್ಲಿ ಅಲೆ ಸುತ್ತ ಹರಡಿ ಸೊರಗುವುದಿಲ್ಲ. ದೂರದ ಮನೆಗೂ ಅದುರು ಜಾಸ್ತಿ ತೋರಿಸುತ್ತದೆ. ನಾನು ಮೂರು ಆಯಾಮವನ್ನೇ ಹಿಡಿಯುತ್ತೇನೆ.

ನನಗೆ ತುಂಬಾ ಇಷ್ಟವಾದ ಲೆಕ್ಕ ಇಲ್ಲಿದೆ. ಬಂಡೆಯ ಮೇಲೆ 6 ಮೀಟರ್ ಮಣ್ಣಿದ್ದರೆ, ಅಲೆಯ ವೇಗವನ್ನು ಆಳದ ನಾಲ್ಕರಷ್ಟರಿಂದ ಭಾಗಿಸಿ. 200ನ್ನು 24ರಿಂದ ಭಾಗಿಸಿದರೆ 8.3 ಹರ್ಟ್ಜ್. ಇದು ಮಣ್ಣಿನ ಪದರದ ಸ್ವಂತ ಲಯ. ಎರಡು ಮೂರು ಅಂತಸ್ತಿನ ಮನೆಯ ಲಯವೂ ಹೆಚ್ಚುಕಡಿಮೆ ಅಲ್ಲೇ ಸುಳಿಯುತ್ತದೆ. ಗಾಡಿ, ಮಣ್ಣು, ಮನೆ ಮೂರೂ ಒಂದೇ ತಾಳಕ್ಕೆ ಬಿದ್ದರೆ ಕಿಟಕಿ ಗಾಜು ಗಲಗಲ ಅನ್ನುತ್ತದೆ. ವೇಗ ಅರ್ಧ ಮಾಡಿದರೆ ಗುದ್ದು 4 ಹರ್ಟ್ಜ್‌ಗೆ ಇಳಿಯುತ್ತದೆ. ಪದರದ ಲಯಕ್ಕಿಂತ ಕೆಳಗಿನ ಅಲೆ ಆ ಮಣ್ಣಿನಲ್ಲಿ ಅಷ್ಟಾಗಿ ದೂರ ಸಾಗದು. ಗುದ್ದಿನ ಆ 4 ಹರ್ಟ್ಜ್‌ನ ದುಪ್ಪಟ್ಟು, ಅಂದರೆ 8 ಹರ್ಟ್ಜ್‌ನ ಅಂಶ ಮಾತ್ರ ಸಣ್ಣದಾಗಿ ಉಳಿದಿರುತ್ತದೆ, ಅದನ್ನೂ ನೋಡಬೇಕು.

ಜರ್ಮನಿಯ ಡಿಐಎನ್ 4150 ಮಾನದಂಡದಲ್ಲಿ, 10 ಹರ್ಟ್ಜ್‌ಗಿಂತ ಕೆಳಗೆ, ವಾಸದ ಮನೆಯ ಪಾಯ ಅದುರುವ ವೇಗಕ್ಕೆ ಸೆಕೆಂಡಿಗೆ 5 ಮಿಲಿಮೀಟರ್ ಮಿತಿ. ಅದರ ಹತ್ತರಲ್ಲೊಂದು ಪಾಲು ಇದ್ದರೂ ಮನುಷ್ಯರಿಗೆ ಗೊತ್ತಾಗುತ್ತದೆ. ಆದ್ದರಿಂದ ಪಕ್ಕದ ಮನೆಯ ಪಾಯದ ಹತ್ತಿರ ಜಿಯೋಫೋನ್ ಇಟ್ಟು, ಆಪರೇಟರ್‌ಗೆ "ಅಣ್ಣಾ, ಒಂದ್ಸಲ ಜೋರಾಗಿ, ಒಂದ್ಸಲ ನಿಧಾನಕ್ಕೆ ಓಡಿಸಿ" ಅಂತ ಹೇಳುತ್ತೇನೆ. ಮಾಡೆಲ್ಲಿನ ಗೆರೆ ಆ ಎರಡೂ ಅಳತೆಗೆ ಕೂತ ಮೇಲೆಯೇ ವರದಿಗೆ ಸಹಿ.