ಒಡೆದ ಮಡಕೆಯನ್ನು ದೂರದಿಂದಲೇ ಕೂಡಿಸುವ ಬಗೆ

ಚಿತ್ರದುರ್ಗ ಜಿಲ್ಲೆಯ ಪ್ರಾಚೀನ ನೆಲೆಗಳಾದ ಚಂದ್ರವಳ್ಳಿಯಲ್ಲಾಗಲಿ ಬ್ರಹ್ಮಗಿರಿಯಲ್ಲಾಗಲಿ ಅಗೆದವರಿಗೆ ಹೇರಳವಾಗಿ ಸಿಕ್ಕಿದ್ದು ಇಡಿಯ ಪಾತ್ರೆಗಳಲ್ಲ, ಬೋಕಿಗಳು, ಅಂದರೆ ಒಡೆದ ಮಡಕೆಯ ಚೂರುಗಳು. ಒಂದೇ ಮಡಕೆಯ ಬೋಕಿಗಳು ಬೇರೆ ಬೇರೆ ಸಂಗ್ರಹಗಳಿಗೆ ಹಂಚಿಹೋಗಿದ್ದರೆ ಅವನ್ನು ಒಂದೇ ಮೇಜಿಗೆ ತರುವುದು ಕಷ್ಟ. ಫೋಟೋಗಳಿಂದ ಕಂಪ್ಯೂಟರಿನಲ್ಲಿ ಕಟ್ಟಿದ ಅವುಗಳ ಮೂರು ಆಯಾಮದ ಮಾದರಿಗಳನ್ನು ತರುವುದು ಸುಲಭ. ಪ್ರಾಚೀನ ಮೆಸೊಪೊಟೇಮಿಯದ ಜಲಪ್ರಳಯದ ಕಥೆ ಹೇಳುವ ಅತ್ರಹಾಸಿಸ್ ಕಾವ್ಯವಿರುವ ಜೇಡಿಮಣ್ಣಿನ ಫಲಕವೊಂದರ ತುಂಡುಗಳು ಲಂಡನ್ ಮತ್ತು ಜಿನೀವಾದ ಸಂಗ್ರಹಾಲಯಗಳಲ್ಲಿ ಇದ್ದಲ್ಲೇ ಇದ್ದು ಕಂಪ್ಯೂಟರಿನಲ್ಲಿ ಕೂಡಿಕೊಂಡದ್ದು ಹೀಗೆಯೇ.

ಬೋಕಿಗಳ ಫೋಟೋ ತೆಗೆಯಲು ಚಿತ್ರದುರ್ಗದಲ್ಲೊಬ್ಬರು, ಮಾದರಿಗಳನ್ನು ಜೋಡಿಸಲು ದಾವಣಗೆರೆಯಲ್ಲಿಬ್ಬರು ಇದ್ದರೆ ಈ ಕೆಲಸಕ್ಕೆ ಸಾಕು. ಮೊದಲು ಸಂಗ್ರಹಾಲಯದ ಲಿಖಿತ ಅನುಮತಿ ಪಡೆಯಬೇಕು. ಚಂದ್ರವಳ್ಳಿಯ ದಾರಿಯಲ್ಲಿ ಬೋಕಿ ಕಂಡರೆ ಎತ್ತಿಕೊಳ್ಳಬಾರದು. ಮಣ್ಣಿನ ಯಾವ ಪದರದಲ್ಲಿತ್ತೆಂದು ತಿಳಿಯದ ಬೋಕಿ ಚರಿತ್ರೆಗೆ ಹೆಚ್ಚೇನೂ ಹೇಳದು.

ಚಿತ್ರದುರ್ಗದವರು ಪ್ರತಿ ಬೋಕಿಯ ಫೋಟೋಗಳನ್ನೂ ನೆರಳು ಬೀಳದ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದು ಚಿತ್ರದ ಬಹುಪಾಲು ಮುಂದಿನ ಚಿತ್ರದಲ್ಲೂ ಬರುವಂತೆ ಸುತ್ತಲೂ ತೆಗೆಯಬೇಕು. ಬಳಿಕ ಮಗುಚಿ ಮತ್ತೊಂದು ಸುತ್ತು ತೆಗೆಯಬೇಕು. ಫ್ಲ್ಯಾಶ್ ಬೇಡ. ಅಳತೆಪಟ್ಟಿ ಬಿಟ್ಟುಹೋದರೆ ಮಾದರಿಗೆ ಆಕಾರವಿರುತ್ತದೆಯೇ ಹೊರತು ಗಾತ್ರವಿರುವುದಿಲ್ಲ. ಫೋಟೋಗಳಿಂದ ಮಾದರಿ ಕಟ್ಟಲು ಮೆಶ್‌ರೂಮ್, ಜೋಡಿಸಲು ಬ್ಲೆಂಡರ್ ಎಂಬ ತಂತ್ರಾಂಶಗಳು ಸಾಕು, ಎರಡೂ ಉಚಿತ. ಕಡತಕ್ಕೆ ಸಂಗ್ರಹಾಲಯದ ನೋಂದಣಿ ಸಂಖ್ಯೆಯೇ ಹೆಸರಾಗಲಿ.

ಜೋಡಿಸುವಾಗ ಹೊಸಬರ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಬಣ್ಣವನ್ನು ಕೊನೆಗೆ ನೋಡುವುದು ಲೇಸು, ಏಕೆಂದರೆ ಒಡೆದ ಮೇಲೆ ಒಂದು ಚೂರು ಬೂದಿಯಲ್ಲೂ ಇನ್ನೊಂದು ತೇವದ ಮಣ್ಣಿನಲ್ಲೂ ಉಳಿದಿದ್ದರೆ ಅಕ್ಕಪಕ್ಕದ ಚೂರುಗಳೂ ಬೇರೆ ಬಣ್ಣ ತಾಳಿರುತ್ತವೆ. ಕಪ್ಪು-ಕೆಂಪು ಮಡಕೆಗಳಲ್ಲಂತೂ ಒಂದೇ ಪಾತ್ರೆಯ ಬಾಯಿ ಕಪ್ಪು, ತಳ ಕೆಂಪು! ನಂಬಬೇಕಾದದ್ದು ಒಡಕಿನ ಅಂಚನ್ನು: ಗೋಡೆಯ ದಪ್ಪ ಎರಡೂ ಕಡೆ ಸಮನಾಗಿದೆಯೇ, ಒಳಮೈಯಲ್ಲಿ ಕುಂಬಾರನ ತಿಗರಿ ಬಿಟ್ಟ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಮುರಿಯದೆ ಹರಿಯುತ್ತವೆಯೇ, ಪಾತ್ರೆಯ ಬಾಗು ಮುಂದುವರಿಯುತ್ತದೆಯೇ ಎಂದು ನೋಡಬೇಕು. ಅಂಚು ಸವೆದಿದ್ದರೆ ನಡುವೆ ಸಣ್ಣ ಸಂದು ಉಳಿಯುವುದು ಸಹಜ, ಆದರೆ ಒಂದು ಮಾದರಿ ಇನ್ನೊಂದರೊಳಗೆ ಹೊಕ್ಕರೆ ಆ ಜೋಡಣೆ ತಪ್ಪು.

ದಾವಣಗೆರೆಯ ಇಬ್ಬರೂ ಪರಸ್ಪರರ ಜೋಡಣೆಯನ್ನು ನೋಡದೆ ಬೇರೆಬೇರೆಯಾಗಿ ಕೆಲಸ ಮಾಡಿ, ಆಮೇಲೆ ಹೋಲಿಸಬೇಕು. ಒಮ್ಮತವಿಲ್ಲದ ಜೋಡಿಯನ್ನು ಅನುಮಾನವೆಂದೇ ದಾಖಲಿಸಿ, ಅದೇ ಅಂಚಿನ ಫೋಟೋವನ್ನು ಹತ್ತಿರದಿಂದ ಮತ್ತೆ ತೆಗೆಯಲು ಚಿತ್ರದುರ್ಗದವರನ್ನು ಕೇಳಬೇಕು. ಸಿಗದ ಭಾಗವನ್ನು ಊಹಿಸಿ ತುಂಬುವುದಾದರೆ ಅದು ಊಹೆಯೆಂದು ಕಾಣುವಂತೆ ಮಣ್ಣಿನ ಬಣ್ಣ ಬಳಿಯದೆ ಬೂದುಬಣ್ಣವನ್ನೇ ಕೊಡಬೇಕು.