ಅರ್ಧ ವ್ಯಾಟಿನ ಸೆಟ್ಟು, ಜೀಪಿನ ಟಾಪಿನ ಮೇಲೆ

ಏಳು ಗಾಡಿ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಒಳದಾರಿ, ಜುಲೈ ಮಳೆ. ಮೊದಲ ಗಾಡಿಯ ಮಾತು ಕೊನೆಯ ಗಾಡಿಗೆ ದಿನವಿಡೀ ಸರಿಯಾಗಿ ಮುಟ್ಟಿತು. ಬಳಸಿದ್ದು ವಾಕಿಟಾಕಿ, ಪರವಾನಗಿ ಬೇಡದ 446 ಮೆಗಾಹರ್ಟ್ಸ್‌ನ ಅರ್ಧ ವ್ಯಾಟಿನ ಸೆಟ್ಟು. ಐದು ವ್ಯಾಟ್ ಇಲ್ಲದೆ ಮಲೆನಾಡಿನಲ್ಲಿ ಏನೂ ಕೇಳಿಸದು ಎಂದು ಕ್ಲಬ್ಬಿನಲ್ಲಿ ವಾದಿಸಿದವರೇ ಈಗ ನಾನು ಸೆಟ್ಟನ್ನು ಟಾಪಿನ ಮೇಲೆ ಇಟ್ಟ ಬಾಕ್ಸಿನ ಅಳತೆ ಕೇಳುತ್ತಿದ್ದಾರೆ.

ಅರ್ಧ ವ್ಯಾಟಿಗೂ ಐದಕ್ಕೂ ಇರುವ ಅಂತರ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ. ಹಾರ್ಡ್‌ಟಾಪ್ ಗಾಡಿಯೊಳಗೆ ಸೀಟಿನ ಮಟ್ಟದಲ್ಲಿ ಸೆಟ್ಟು ಹಿಡಿದರೆ ತಗಡೇ ಹೆಚ್ಚುಕಡಿಮೆ ಅಷ್ಟನ್ನು ನುಂಗುತ್ತದೆ, ಕೇಳುವ ಗಾಡಿಯ ತಗಡು ಮತ್ತೊಮ್ಮೆ ನುಂಗುತ್ತದೆ. ಈ ಸೆಟ್ಟುಗಳ ಆಂಟೆನಾ ಬಿಚ್ಚಲು ಬರುವುದಿಲ್ಲ. ಕತ್ತರಿಸಿ ಕೇಬಲ್ ಎಳೆದರೆ ಅದು ಮಂಜೂರಾದ ಸೆಟ್ಟಾಗಿ ಉಳಿಯುವುದಿಲ್ಲ. ಹಾಗಾಗಿ ಆಂಟೆನಾ ಬದಲು ಇಡೀ ಸೆಟ್ಟನ್ನೇ ಟಾಪಿಗೆ ಏರಿಸಿ, ಸ್ಪೀಕರ್ ಮೈಕ್ ಮಾತ್ರ ಕೆಳಗೆ ಇಳಿಸಿದೆ.

ಬೇಕಾದದ್ದು ಕರೆಂಟ್ ಕೆಲಸದ ಪಿವಿಸಿ ಜಂಕ್ಷನ್ ಬಾಕ್ಸ್. ಸೆಟ್ಟು ಆಂಟೆನಾ ಸಮೇತ ನೆಟ್ಟಗೆ ನಿಲ್ಲುವಷ್ಟು ಉದ್ದ ಇರಲಿ. ಮಲಗಿಸಿದರೆ ಅರ್ಧ ದೂರವೂ ಸಿಗದು, ಎಲ್ಲ ಗಾಡಿಯಲ್ಲೂ ಆಂಟೆನಾ ಲಂಬವಾಗಿಯೇ ಇರಬೇಕು. ತಗಡಿನ ಬಾಕ್ಸಂತೂ ಬೇಡವೇ ಬೇಡ. ಡೀಸೆಲ್ ಕ್ಯಾನು, ಗಾಡಿ ಎತ್ತುವ ಹೈಲಿಫ್ಟ್ ಜ್ಯಾಕಿನಂಥ ಲೋಹದ ಸಾಮಾನಿನಿಂದ ಕನಿಷ್ಠ ಎರಡು ಗೇಣು ದೂರ ಇಡಿ. ಮೈಕಿನ ವೈರಿಗೆ ತಳದಲ್ಲಿ ಒಂದು ಗ್ಲ್ಯಾಂಡ್ (ವೈರನ್ನು ಬಿಗಿಹಿಡಿದು ನೀರು ತಡೆಯುವ ರಬ್ಬರ್ ಬಿರಡೆ), ಬಾಗಿಲ ರಬ್ಬರಿನ ಸಂದಿಯಿಂದ ಒಳಕ್ಕೆ. ಒಳಬರುವ ಮೊದಲು ವೈರು ಒಂದು ಸುತ್ತು ಕೆಳಕ್ಕೆ ಜೋತಿರಬೇಕು, ಇಲ್ಲದಿದ್ದರೆ ಮಳೆನೀರು ಅದರ ಜೊತೆಯಲ್ಲೇ ಮಡಿಲಿಗೆ ಬರುತ್ತದೆ.

ಮೊದಲ ಬಾಕ್ಸುಗಳನ್ನು ಸಿಲಿಕೋನ್ ಹಾಕಿ ಪೂರಾ ಮುಚ್ಚಿದ್ದೆ. ಹಗಲ ಬಿಸಿ, ರಾತ್ರಿ ಥಂಡಿ, ಬೆಳಿಗ್ಗೆ ಒಳಗೆಲ್ಲ ಹನಿ. ಮೈಕ್ ಚುಚ್ಚಲು ಸೆಟ್ಟಿನ ರಬ್ಬರ್ ಮುಚ್ಚಳ ತೆಗೆದಿರುವುದರಿಂದ ನೀರು ನೇರ ಮೈಕಿನ ಸಾಕೆಟ್ಟಿಗೇ ಇಳಿಯಿತು, ಎರಡು ಸೆಟ್ಟು ಹೋದವು. ಈಗ ತಳದಲ್ಲಿ 3 ಮಿಮೀ ತೂತು ಎರಡು, ಮೇಲೆ ಬಿಳಿ ಬಣ್ಣ. ಬಾಕ್ಸಿನೊಳಗೆ ಚಾರ್ಜಿಂಗ್ ಇಲ್ಲ. ಅಗ್ಗದ 12 ವೋಲ್ಟ್ ಯುಎಸ್‌ಬಿ ಚಾರ್ಜರ್ ಹಾಕಿ ನೋಡಿದ್ದೆ. ಅದರ ರೇಡಿಯೋ ಗದ್ದಲಕ್ಕೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚಿಡುವ ವ್ಯವಸ್ಥೆ) ತಾನೇ ತೆರೆದುಕೊಂಡು ದೂರದ ಮಾತು ಮುಚ್ಚಿಹೋಗುತ್ತಿತ್ತು. ಕೆಲವು ಎಲ್‌ಇಡಿ ಬಾರ್‌ಗಳದ್ದೂ ಇದೇ ಕಾಟ, ಲೈಟ್ ಆರಿಸಿ ಹೊತ್ತಿಸಿ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಒಂಬತ್ತು ಹತ್ತು ಗಂಟೆ ಬರುತ್ತದೆ, ಸಾಕು.

ಮೈಕಿನ ವೈರು ಉದ್ದ ಮಾಡುವುದಾದರೆ ಎರಡು ಮೀಟರ್ ದಾಟಬೇಡಿ, ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇರುವುದನ್ನೇ ಹಾಕಿ. ಸಾದಾ ವೈರು ಹಾಕಿದಾಗ ನಮ್ಮದೇ ಸಿಗ್ನಲ್ ಅದರೊಳಗೆ ಹೊಕ್ಕು ಮಾತೆಲ್ಲ ಗೊರಗೊರ ಆಯಿತು. ವೈರಿನ ಮೇಲೆ ಕೂರಿಸುವ, ಇಂಥ ಸಿಗ್ನಲ್ ತಡೆಯುವ ಫೆರೈಟ್ ಕ್ಲಿಪ್ ಒಂದನ್ನು ಸೆಟ್ಟಿನ ಪಕ್ಕದಲ್ಲೇ ಹಾಕಿದ ಮೇಲೆ ಸರಿಹೋಯಿತು. ಕುಲುಕಾಟಕ್ಕೆ ಮೈಕಿನ 2.5 ಮಿಮೀ ಪಿನ್ನು ಸಡಿಲವಾಗುವುದು ದೊಡ್ಡ ತಲೆನೋವು. ಅದಕ್ಕೆ ನಾನು ಮಾಡಿಕೊಂಡ ಹಿಡಿಕೆಯ ವಿವರ ಸದ್ಯಕ್ಕೆ ನನ್ನಲ್ಲೇ ಇರಲಿ, ಎರಡು ಮಳೆಗಾಲ ಒಂದು ಪಿನ್ನೂ ಅಲುಗಿಲ್ಲ ಎಂದಷ್ಟೇ ಹೇಳುತ್ತೇನೆ.

ಖರ್ಚು ನೆನಪಿನ ಲೆಕ್ಕ: ಐದು ಜೋಡಿ ಸೆಟ್ಟಿಗೆ ನಲವತ್ತು ಸಾವಿರದ ಆಸುಪಾಸು, ಬಾಕ್ಸು ಮೈಕು ವೈರು ಸೇರಿ ಗಾಡಿಗೆ ಸಾವಿರದಿನ್ನೂರು. ದುಡ್ಡು ದಂಡವಾದದ್ದು ಬೇರೆ, 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ ಕೈಸೆಟ್ಟು ಎರಡಕ್ಕೆ ಒಂಬತ್ತು ಸಾವಿರ. ಅಲ್ಲಿ ತರಂಗದ ಉದ್ದವೇ 11 ಮೀಟರ್, ಕೈಸೆಟ್ಟಿನ ಮೋಟು ಆಂಟೆನಾ ಅದಕ್ಕೆ ಏನೇನೂ ಸಾಲದು. ಬಯಲಲ್ಲಿ ಪರವಾಗಿಲ್ಲ, ಗಾಡಿಯೊಳಗೆ ಬರೀ ಗುಯ್ ಸದ್ದು.

ದೂರದ ಮಾತು: ಎರಡೂ ಕಡೆ ಧರೆ ಇರುವ ತಿರುವಿನಲ್ಲಿ ಗಾಡಿಯೊಳಗಿಂದ ಇನ್ನೂರು ಮುನ್ನೂರು ಮೀಟರ್ ಸಿಗುತ್ತಿದ್ದದ್ದು ಈಗ ಎಂಟುನೂರರ ಹತ್ತಿರ ಬಂದಿದೆ. ದಿಣ್ಣೆಯಿಂದ ದಿಣ್ಣೆಗೆ ಮೂರು ಕಿಲೋಮೀಟರ್ ಮಾತಾಡಿದ್ದೇವೆ. ನಡುವೆ ಗುಡ್ಡ ಬಂದರೆ ಯಾವ ವ್ಯಾಟೂ ದಾಟದು, ಆಗ ನಾಲ್ಕನೇ ಗಾಡಿ ಏರಿನ ನೆತ್ತಿಯಲ್ಲಿ ನಿಂತು ಆಚೆ ಮಾತು ಈಚೆ ದಾಟಿಸಬೇಕು.

ಮಾತಿನ ಜೊತೆ ಸೆಟ್ಟು ಒಂದು ಸಣ್ಣ ಟೋನ್ ಕಳಿಸುತ್ತದೆ, ಅದೇ ಟೋನ್ ಇಟ್ಟ ಸೆಟ್ಟಿಗೆ ಮಾತ್ರ ಮಾತು ಕೇಳುತ್ತದೆ. ಅದನ್ನು ಹೊಂದಿಸುವಾಗ ನಂಬರ್ ನೋಡಬೇಡಿ, ಹರ್ಟ್ಸ್ ನೋಡಿ. 38 ಟೋನಿನ ಸೆಟ್ಟಿನಲ್ಲಿ 100.0 ಹರ್ಟ್ಸ್ 12ನೆಯದು. ಪಟ್ಟಿಯಲ್ಲಿ 69.3 ಸೇರಿದ್ದರೆ ಅದೇ ಟೋನು 13ನೆಯದು. ಇದೊಂದು ತಿಳಿಯದೆ ಒಂದು ಬೆಳಗು ಪೂರ್ತಿ ಎರಡು ಗಾಡಿ ಮೂಕವಾಗಿದ್ದವು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಟೋನು ಗುರುತಾಗುವ ಮೊದಲೇ ಶುರು ಮಾಡಿದರೆ ಮೊದಲ ಅಕ್ಷರ ಹಾರಿಹೋಗುತ್ತದೆ, 'ಬಲಕ್ಕೆ ಬೇಡ' ಅಂದದ್ದು 'ಲಕ್ಕೆ ಬೇಡ' ಆಗುತ್ತದೆ. ವಾಕ್ಸ್ (ಗುಂಡಿ ಒತ್ತದೆ ಸದ್ದಿಗೇ ಸೆಟ್ಟು ಹತ್ತಿಕೊಳ್ಳುವ ಸೌಲಭ್ಯ) ಬಂದ್ ಇರಲಿ, ಇಂಜಿನ್ ಸದ್ದಿಗೇ ಸೆಟ್ಟು ಹತ್ತಿಕೊಳ್ಳುತ್ತದೆ.

ಸೆಟ್ಟು ಮೇಲಿರುವುದರಿಂದ ದಾರಿಯಲ್ಲಿ ಚಾನಲ್ ಬದಲಿಸಲು ಆಗದು, ಹೊರಡುವ ಮೊದಲೇ ಕೀ ಲಾಕ್ ಮಾಡಿ. ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚಿಗೆಂದೇ ಎರಡು ಕೈಸೆಟ್ಟು ಬೇರೆ ಚಾನಲ್ಲಿನಲ್ಲಿ ಇಡುತ್ತೇವೆ. ವಿಂಚ್ ನಡೆಸುವವನು, ದಾರಿ ತೋರಿಸುವವನು, ಮೂರನೆಯವನ ದನಿ ಅಲ್ಲಿ ಬರಕೂಡದು. ಉಳಿದಂತೆ ಹೆಸರು ಬೇಡ, ಗಾಡಿ ನಂಬರ್ ಮಾತ್ರ: 'ಒಂದು, ಐದಕ್ಕೆ. ಎಡಗಡೆ ಧರೆ ಜರಿದಿದೆ.' ಆ ಸೀಮೆಯಲ್ಲಿ ಕಾಡಾನೆ ಓಡಾಟ ಇದೆ. 'ಆನೆ' ಎಂಬ ಒಂದು ಮಾತು ಬಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಹಾರ್ನ್ ಇಲ್ಲ, ಕೊನೆಯ ಗಾಡಿಯೊಂದೇ 'ಕೇಳಿತು' ಅನ್ನಬೇಕು.

ಗ್ಲ್ಯಾಂಡಿನ ರಬ್ಬರು ಎರಡು ಮಳೆಗಾಲಕ್ಕೆ ಬಿರುಕು ಬಿಡುತ್ತದೆ. ಈ ಮೇ ತಿಂಗಳಲ್ಲಿ ಏಳಕ್ಕೂ ಹೊಸದು ಹಾಕಬೇಕು.