ಹಳೇ ಸೀರೆಯಿಂದ ರಗ್ಗು ನೇಯುವವರಿಗೆ

ಅಮ್ಮನ, ಅಜ್ಜಿಯ ಹಳೇ ಕಾಟನ್ ಸೀರೆ ಸೀಳಿ ಕೈಮಗ್ಗದಲ್ಲಿ ರಗ್ಗು ನೇಯುತ್ತೀರಾ? ಕತ್ತರಿ ಹಾಕುವ ಮುಂಚೆ ಸೀರೆಯ ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಪಕ್ಕದ ತಿಳಿ ಬಣ್ಣದ ನೂಲೂ ಹಾಳು. ಕೆಂಪನ್ನಂತೂ ಸುಮ್ನೆ ನಂಬಬೇಡಿ. ಪಟ್ಟಿ ಒಂದಿಂಚು ಅಗಲ ಸಾಕು. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಸೀರೆ ಸರಿ; ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ನೂಲು ಮಾತ್ರ ಹೊಸದೇ ಇರಲಿ. ಬಿಗಿ ಎಳೆತ ತಡೆಯಬೇಕಲ್ವಾ?

ಬೆಂಗಳೂರಲ್ಲಿ ಮಾರ್ಚ್ ಹೊತ್ತಿಗೆ ಗಾಳಿ ಒಣಗಿ ಹತ್ತಿ ಎಳೆ ಜಾಸ್ತಿ ತುಂಡಾಗುತ್ತದೆ. ತೇವ ಇದ್ದರೆ ಹತ್ತಿಗೆ ಬಲ ಹೆಚ್ಚು. ಮಗ್ಗದ ಕೆಳಗೆ ಒದ್ದೆ ಗೋಣಿಚೀಲ ಹಾಸಿ, ಫ್ಯಾನ್ ಆರಿಸಿ.

ಅಳತೆ ಕೊಟ್ಟು ಮಾಡಿಸುವವರಿದ್ದರೆ ಮೊದಲು ಸಣ್ಣ ತುಂಡು ನೇಯ್ದು ತೊಳೆಯಿರಿ. ಎಷ್ಟು ಕುಗ್ಗಿತು ಅಂತ ನೋಡಿದ ಮೇಲೆಯೇ ಉದ್ದ ಒಪ್ಪಿಕೊಳ್ಳಿ.